ಕಳ್ಳ ನೀರು

ನಾನು ನೀರು ಕೂಗುವವಳು. ಹಾಗಂದರೆ ಹೊಸಬರು ನಾನು ಬೀದಿಬೀದಿ ತಿರುಗಿ ಕುಡಿಯುವ ನೀರು ಮಾರುತ್ತೇನೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನಾನೂ ಹೌದು ಅಂದುಬಿಟ್ಟಿದ್ದೇನೆ, ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ. ಈಗ ಮಾತ್ರ ಹೇಳಲೇಬೇಕು. ಇಲ್ಲದಿದ್ದರೆ ಆ ದಿನ ನಾನು ಯಾಕೆ ಅಷ್ಟು ಹೆದರಿದೆ ಅನ್ನುವುದು ನಿಮಗೆ ತಿಳಿಯುವುದಿಲ್ಲ.

ನಮ್ಮ ಬಂದರಿನಲ್ಲಿ ಎದುರುಬದುರಾಗಿ ಎರಡು ಕಲ್ಲಿನ ಗೋಡೆಗಳಿವೆ. ಸಮುದ್ರ ಉಬ್ಬಿದಾಗ ರಿಪೇರಿಯ ದೋಣಿಯನ್ನು ಗೋಡೆಯ ಪಕ್ಕಕ್ಕೆ ತಂದು ಹಗ್ಗ ಬಿಗಿಯುತ್ತಾರೆ. ನೀರು ಇಳಿದಂತೆ ದೋಣಿಯೂ ಇಳಿದು, ಕೊನೆಗೆ ಗೋಡೆಗೆ ಒರಗಿಕೊಂಡು ಮರಳಿನ ಮೇಲೆ ಕೂರುತ್ತದೆ. ಆಮೇಲೆ ಕೆಲಸದವರು ಅಡಿಗೆ ನುಗ್ಗಿ ತಳಕ್ಕೆ ಕಚ್ಚಿದ ಚಿಪ್ಪು ಕೆರೆಯುತ್ತಾರೆ, ಬಿರುಕಿಗೆ ನಾರು ತುರುಕುತ್ತಾರೆ, ಡಾಂಬರು ಬಳಿಯುತ್ತಾರೆ. ನೀರು ವಾಪಸು ಬರುವುದರೊಳಗೆ ಎಲ್ಲ ಮುಗಿಯಬೇಕು. ದೋಣಿಯ ಕೆಳಗೆ ಹೊಕ್ಕವನಿಗೆ ಸಮುದ್ರ ಕಾಣುವುದಿಲ್ಲ, ಸುತ್ತಿಗೆಯ ಗದ್ದಲದಲ್ಲಿ ಅಲೆಯ ಸದ್ದೂ ಕೇಳುವುದಿಲ್ಲ. ಅವನ ಬದಲು ನೋಡುವುದಕ್ಕೆ ಗೋಡೆಯ ಮೇಲೆ ಒಬ್ಬರು ಕೂತು, ನೀರು ಏನು ಮಾಡುತ್ತಿದೆ ಅನ್ನುವುದನ್ನು ಕೂಗುತ್ತಿರಬೇಕು. ಕೆಳಗಿನವರು ಅದೇ ಮಾತನ್ನು ತಿರುಗಿ ಕೂಗಬೇಕು. ಕೂಗಲಿಲ್ಲ ಅಂದರೆ ಕೇಳಿಸಲಿಲ್ಲ ಅಂತ ಅರ್ಥ.

ಇಳಿತ, ಉಬ್ಬರ ಅನ್ನುವ ಎರಡೇ ಮಾತು ನಮಗೆ ಸಾಲುವುದಿಲ್ಲ. ಇಳಿಯುವುದು ನಿಲ್ಲಿಸಿ, ಏರುವುದಕ್ಕೂ ಮನಸ್ಸು ಮಾಡದೆ ಇರುವುದು ‘ನಿಂತ ನೀರು’. ಹೊರಳಿ ಹೊರಟದ್ದು ‘ತಿರುಗು ನೀರು’. ಅರ್ಧಚಂದ್ರದ ದಿನಗಳಲ್ಲಿ ಹೆಚ್ಚು ಏರದೆ ಹೆಚ್ಚು ಇಳಿಯದೆ ತೂಕಡಿಸುವುದು ‘ಸೋಂಬೇರಿ ನೀರು’. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ದೂರ ಹೋಗಿ, ಅಷ್ಟೇ ರಭಸದಲ್ಲಿ ಓಡಿ ಬರುವುದು ‘ದೊಡ್ಡ ನೀರು’. ಮರಳಿನ ಮೇಲೆ ಕೂತ ದೋಣಿಯನ್ನು ಏರುವ ನೀರು ಮೊದಲ ಸಲ ಎತ್ತಿ ಹಿಡಿದ ಗಳಿಗೆಗೆ ‘ಉಸಿರು’ ಅನ್ನುತ್ತೇವೆ. ಇವೆಲ್ಲ ಎರಡು ಗೋಡೆಗೂ ಸೇರಿದ ಮಾತುಗಳು. ನನ್ನ ಗೋಡೆಗೆ ಮಾತ್ರ ಇನ್ನೊಂದಿದೆ, ‘ಕಳ್ಳ ನೀರು’. ನನ್ನ ಗೋಡೆಯ ಹಿಂದುಗಡೆ ಮುರಿದುಬಿದ್ದ ಹಳೆಯ ಕಟ್ಟೆಯ ಸಂದಿನಿಂದ ಒಂದು ಕಾಲುವೆ ಹರಿದಿದೆ. ಎದುರಿನ ಸಮುದ್ರ ಇನ್ನೂ ನಿಂತೇ ಇರುವಾಗ ಆ ಸಂದಿನಿಂದ ನೀರು ಸದ್ದಿಲ್ಲದೆ ನುಸುಳಿ, ಗೋಡೆಯ ಬುಡ ಹಿಡಿದು ದೋಣಿಯ ಅಡಿಗೆ ಬಂದುಬಿಡುತ್ತದೆ. ದೊಡ್ಡ ನೀರಿನ ದಿನವಂತೂ ಇನ್ನೂ ಬೇಗ. ಅದಕ್ಕೇ ನಾನು ಸಮುದ್ರವನ್ನು ಅರ್ಧ, ಬೆನ್ನ ಹಿಂದೆ ಅರ್ಧ ನೋಡುತ್ತಾ ಕೂರುವುದು. ಕತ್ತು ನೋವು ನನಗೆ ಕಸುಬಿನ ಜೊತೆಗೇ ಬಂದದ್ದು.

ಇನ್ನೊಂದು ಗೋಡೆ ಗೊಣಗಜ್ಜನದು. ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಬಿಸಿಲಾದರೆ ಬಿಸಿಲು ಅಂತ, ಮೋಡವಾದರೆ ಮೋಡ ಅಂತ ಗೊಣಗುವ ಮನುಷ್ಯ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಹೆಂಗಸಿನ ದನಿ ಗಾಳಿಗೆ ಚದುರಿಹೋಗುತ್ತೆ ಅಂತ ಬಂದರಿನ ತುಂಬಾ ಹೇಳಿಕೊಂಡು ತಿರುಗಿದ್ದ. ನಾನು ಅವನ ಗೋಡೆಯ ಎದುರು ನಿಂತು, ಅವನ ಕಿವಿ ಎರಡು ದಿನ ಗುಂಯ್‌ಗುಡುವ ಹಾಗೆ ಕೂಗಿ ತೋರಿಸಿದ್ದೆ. ಅಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ.

ಇಬ್ಬರೂ ತಪ್ಪದೆ ಪಾಲಿಸುವ ಒಂದು ಕಟ್ಟುಪಾಡು ಮಾತ್ರ ಇತ್ತು. ತನ್ನವರು ದೋಣಿಯ ಕೆಳಗಿದ್ದರೆ ಕೂಗುವವರು ಗೋಡೆ ಬಿಟ್ಟು ಇಳಿಯಬೇಕು, ಎದುರಿನ ಗೋಡೆಯವರು ಬಂದು ಕೂರಬೇಕು. ತನ್ನವರ ವಿಷಯಕ್ಕೆ ಬಂದರೆ ಕಣ್ಣು ಇಲ್ಲದ್ದನ್ನೆಲ್ಲ ನೋಡುತ್ತದೆ, ಬಾಯಿ ಹೊತ್ತಿಗೆ ಮುಂಚೆ ಕೂಗುತ್ತದೆ. ಹಾಗೆ ಎರಡು ಸಲ ಸುಮ್ಮಸುಮ್ಮನೆ ಎಬ್ಬಿಸಿದರೆ ಮೂರನೇ ಸಲ ನಿಜಕ್ಕೂ ಕೂಗಿದರೆ ಯಾರೂ ಏಳುವುದಿಲ್ಲ. ಆದ್ದರಿಂದ ತನ್ನವರ ಕೂಗು ಲೆಕ್ಕಕ್ಕಿಲ್ಲ. ಕಿವಿಗೆ ಬಿದ್ದರೂ ಬೀಳದ ಹಾಗೆ ಇರಬೇಕು. ನನ್ನ ಗಂಡ ದೋಣಿ ಬಡಗಿ, ಮೈದುನ ಅವನ ಜೊತೆಯ ಕೆಲಸಗಾರ. ಹೀಗಾಗಿ ತಿಂಗಳಿಗೊಂದೆರಡು ಸಲವಾದರೂ ನಾನೂ ಗೊಣಗಜ್ಜನೂ ಮುಖ ಗಂಟಿಕ್ಕಿಕೊಂಡು ಗೋಡೆ ಬದಲಾಯಿಸುವುದು ಇದ್ದದ್ದೇ.

ಆ ಬೆಳಿಗ್ಗೆ ನನ್ನ ಗೋಡೆಗೆ ದೊಡ್ಡದೊಂದು ಮೀನಿನ ದೋಣಿ ಒರಗಿತ್ತು. ದೋಣಿಯ ಬೆನ್ನುಮೂಳೆಯ ಹಾಗೆ ತಳದುದ್ದಕ್ಕೂ ಇರುವ ದಿಮ್ಮಿಗೆ ಅಡಿಮರ ಅನ್ನುತ್ತೇವೆ. ಅದರ ಕೆಳಗೆ ಬಡಿದಿದ್ದ ಕಬ್ಬಿಣದ ಪಟ್ಟಿ ಕಿತ್ತುಬಂದಿತ್ತು. ಪಟ್ಟಿ ಕೂರಿಸಬೇಕಾದರೆ ಅಡಿಮರದ ಕೆಳಗಿನ ಮರಳು ತೋಡಿ ಗುಂಡಿ ಮಾಡಿ, ಅದರೊಳಗೆ ಕಾಲು ಚಾಚಿ ಮಲಗಿ ಮೊಳೆ ಹೊಡೆಯಬೇಕು. ಅಮಾವಾಸ್ಯೆಯ ಮರುದಿನ ಬೇರೆ, ದೊಡ್ಡ ನೀರು. ಮನೆಯಿಂದ ಹೊರಡುವಾಗಲೇ, ಇನ್ನೊಂದು ವಾರ ತಡೆದು ಸೋಂಬೇರಿ ನೀರಿನಲ್ಲಿ ಮಾಡಬಾರದೇ ಅಂತ ಗಂಡನನ್ನು ಕೇಳಿದೆ. ಆಗ ದೋಣಿ ಇಷ್ಟು ಮೇಲಕ್ಕೆ ಬರುವುದೇ ಇಲ್ಲ, ಅಡಿಮರ ಒಣಗುವುದೂ ಇಲ್ಲ ಅಂದ. ಅದು ನಿಜವೇ. ನನಗೂ ಗೊತ್ತಿತ್ತು. ಗೊತ್ತಿದ್ದೂ ಕೇಳುವುದು ಹೆಂಡತಿಯ ಕೆಲಸ, ಗೊತ್ತಿದೆ ಅಂತ ನಗುವುದು ಅವನ ಕೆಲಸ.

ಗೊಣಗಜ್ಜ ಬಂದ. ಕಳ್ಳ ನೀರಿನ ಮೇಲೆ ಕಣ್ಣಿರಲಿ ಅಂತ ನಾನು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ಹುಟ್ಟುವ ಮೊದಲಿನಿಂದ ನಾನು ನೀರು ನೋಡ್ತಿದ್ದೀನಿ ಅಂತ ಗೊಣಗಿ ಮೆಟ್ಟಿಲು ಹತ್ತಿದ. ನಾನು ಅವನ ಗೋಡೆಗೆ ಹೋಗಿ ಕೂತೆ. ಅಲ್ಲಿ ಅಂದು ದೋಣಿ ಇರಲಿಲ್ಲ, ನನಗೆ ಕೂಗುವ ಕೆಲಸವೂ ಇರಲಿಲ್ಲ. ಅವನ ಗೋಡೆ ನೇರ ಸಮುದ್ರಕ್ಕೆ ಮುಖ ಮಾಡಿದೆ. ಅಲ್ಲಿ ನೀರು ಮುಂದಿನಿಂದ ಬರುತ್ತದೆ, ಮುಂದಕ್ಕೇ ಹೋಗುತ್ತದೆ. ಆಯುಷ್ಯವೆಲ್ಲ ಅಲ್ಲಿ ಕೂತವನ ಕತ್ತು ಹಿಂದಕ್ಕೆ ತಿರುಗುವುದನ್ನೇ ಕಲಿತಿಲ್ಲ ಅನ್ನುವುದು ನನಗೆ ಆಗಲೇ ಹೊಳೆಯಬೇಕಿತ್ತು.

ಸಮುದ್ರ ದೂರ ಹೋಗಿ ನಿಂತಿತು. “ನಿಂತ ನೀರು” ಅಂತ ಗೊಣಗಜ್ಜ ಕೂಗಿದ. ಕೆಳಗಿನಿಂದ ಗಂಡನದೂ ಮೈದುನನದೂ ದನಿ ತಿರುಗಿ ಬಂತು. ಎಲ್ಲ ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಗೋಡೆಯ ಬುಡದಲ್ಲಿ ದಾರದಷ್ಟು ತೆಳ್ಳಗೆ ಏನೋ ಹೊಳೆಯುತ್ತಿದೆ. ಗೊಣಗಜ್ಜ ಹಣೆಗೆ ಕೈ ಅಡ್ಡ ಹಿಡಿದು ಸಮುದ್ರವನ್ನೇ ನೋಡುತ್ತಿದ್ದ.

ನಾನು ಎದ್ದು ನಿಂತು ಕೂಗಿದೆ. “ಕಳ್ಳ ನೀರು! ಕಳ್ಳ ನೀರು ಬಂತು, ಹೊರಗೆ ಬನ್ನಿ!”

ನನ್ನ ದನಿ ಮುಟ್ಟಿತು. ಮುಟ್ಟಲಿಲ್ಲ ಅಂತ ಯಾರೂ ಇವತ್ತಿಗೂ ಹೇಳಿಲ್ಲ. ದೋಣಿಯ ಕೆಳಗಿದ್ದವರೆಲ್ಲ ಕೇಳಿಸಿಕೊಂಡರಂತೆ. ಯಾರೋ ಒಬ್ಬ, ಹೋಗಪ್ಪ, ಮನೆಯವರು ಊಟಕ್ಕೆ ಕರೀತಿದ್ದಾರೆ ಅಂತ ನನ್ನ ಗಂಡನನ್ನು ಚುಡಾಯಿಸಿದನಂತೆ. ಎಲ್ಲರೂ ನಕ್ಕರಂತೆ. ಹೆಂಡತಿಯ ಕೂಗು ಲೆಕ್ಕಕ್ಕಿಲ್ಲವಲ್ಲ, ನನ್ನ ಗಂಡ ಇನ್ನೊಂದು ಮೊಳೆ ಕೈಗೆತ್ತಿಕೊಂಡ. ಇದನ್ನೆಲ್ಲ ಆಮೇಲೆ ಮೈದುನ ಹೇಳಿದ್ದು. ಆಗ ನನಗೆ ಕಂಡದ್ದು ಗೊಣಗಜ್ಜ ಒಬ್ಬನೇ. ಅವನು ತಲೆ ಎತ್ತಿ ನನ್ನ ಕಡೆ ದುರುಗುಟ್ಟಿ ನೋಡಿದ. ಆಮೇಲೆ ಏನು ತೋಚಿತೋ, ನಿಧಾನವಾಗಿ ಹಿಂದಕ್ಕೆ ತಿರುಗಿ ತನ್ನ ಕಾಲಬುಡ ನೋಡಿದ. ನೋಡಿದವನೇ ಕೂಗಿದ. ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನಾನು ಗೋಡೆಯಿಂದ ಹಾರಿ ಮರಳಿನ ಮೇಲೆ ಓಡತೊಡಗಿದ್ದೆ. ಕೆಲಸದವರು ದಡಬಡ ಹೊರಬರುವುದು ಕಾಣುತ್ತಿತ್ತು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಓಡಿದೆ, ಇವನಲ್ಲ, ಇವನೂ ಅಲ್ಲ. ಅಷ್ಟರಲ್ಲಿ ದೋಣಿ ಒಂದು ಗೇಣು ಕೆಳಕ್ಕೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ನೀರು ಗುಂಡಿಗೆ ಇಳಿದು ಮರಳು ಜಾರಿತ್ತು, ಅಡಿಮರ ಜಾರಿದ ಮರಳಿನ ಮೇಲೆ ಕೂತಿತ್ತು, ಅಷ್ಟೇ. ಆಮೇಲೆ ನನ್ನ ಗಂಡ ಕಿರುಚಿದ್ದು ಕೇಳಿಸಿತು.

ಮೈದುನ ನನಗಿಂತ ಮೊದಲು ಮತ್ತೆ ಒಳಗೆ ನುಗ್ಗಿದ್ದ. ನಾನೂ ಮಂಡಿಯೂರಿ ನುಗ್ಗಿದೆ. ನನ್ನ ಗಂಡನ ಬಲಗಾಲು ತೊಡೆಯವರೆಗೂ ಅಡಿಮರದ ಕೆಳಗೆ ಗುಂಡಿಯಲ್ಲಿ ಹೂತುಹೋಗಿತ್ತು. ಮರಳು ಮೆತ್ತಗಿದ್ದದ್ದರಿಂದ ಮೂಳೆ ಪುಡಿಯಾಗಿರಲಿಲ್ಲ. ಆದರೆ ಕಾಲು ಅಲ್ಲಾಡುವ ಹಾಗಿರಲಿಲ್ಲ. ಮೊಣಕೈ ಊರಿ ಅರ್ಧ ಏಳಬಹುದಿತ್ತು, ಅದಕ್ಕಿಂತ ಮೇಲೆ ಎದ್ದರೆ ದೋಣಿಯ ತಳ ತಲೆಗೆ ತಾಗುತ್ತಿತ್ತು.

“ನಾನು ಕೂಗಿದ್ದೆ,” ಅಂದೆ.

“ಕೇಳಿಸ್ತು ಕಣೇ,” ಅಂದ ಅವನು. ಮುಖ ಬಿಳುಚಿಹೋಗಿತ್ತು.

ಕೈಯಲ್ಲಿ, ಸಲಿಕೆಯಲ್ಲಿ, ಕೈಗೆ ಸಿಕ್ಕ ಡಬ್ಬದಲ್ಲಿ ಮರಳು ತೋಡಿದೆವು. ಒಂದು ಹಿಡಿ ತೆಗೆದರೆ ಎರಡು ಹಿಡಿ ಜಾರಿ ಬಂತು. ದೋಣಿ ಇನ್ನಷ್ಟು ಕೂರುತ್ತಿದೆ ಅಂತ ಮೈದುನ ನನ್ನ ಕೈ ಹಿಡಿದು ನಿಲ್ಲಿಸಿದ. ಆ ಹೊತ್ತಿಗೆ ನೀರು ನನ್ನ ಹಿಮ್ಮಡಿ ದಾಟಿತ್ತು. ಎದುರಿನ ಸಮುದ್ರವೂ ಹೊರಳಿತ್ತು.

ಅಲ್ಲಿದ್ದ ಎಲ್ಲರಿಗೂ ವಿಷಯ ಅರ್ಥವಾಗಿತ್ತು. ದೋಣಿಯನ್ನು ಎತ್ತುವ ಯಂತ್ರ ನಮ್ಮ ಬಂದರಿನಲ್ಲಿಲ್ಲ. ಅದನ್ನು ಎತ್ತುವುದು ನೀರು ಒಂದೇ. ಅಷ್ಟು ದೊಡ್ಡ ದೋಣಿ ಏಳಬೇಕಾದರೆ ನೀರು ಎದೆಮಟ್ಟ ಬರಬೇಕು. ನನ್ನ ಗಂಡನ ಮೂಗು ಇದ್ದದ್ದು ಸೊಂಟದ ಮಟ್ಟದಲ್ಲಿ. ಅವನನ್ನು ಬಿಡಿಸುವ ನೀರೇ ಅದಕ್ಕೂ ಮೊದಲು ಅವನನ್ನು ಮುಳುಗಿಸುತ್ತಿತ್ತು.

ನನಗೆ ಹೆದರಿಕೆ ಅಂದರೆ ಏನು ಅಂತ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಓಡಿಹೋಗಬೇಕು ಅನ್ನಿಸಿತು. ಹೌದು, ಅವನನ್ನು ಅಲ್ಲೇ ಬಿಟ್ಟು, ಕಾಣದಷ್ಟು ದೂರ. ಕಾಲು ಏಳಲಿಲ್ಲ, ಅದಕ್ಕೇ ಉಳಿದೆ.

ದೋಣಿ ಹಗುರವಾದರೆ ಬೇಗ ಏಳುತ್ತದೆ ಅಂತ ದೋಣಿಯ ಯಜಮಾನ ಮೇಲೆ ಹತ್ತಿದ. ಹಾಳಾದವನು ಅಂತ ಯಾವಾಗಲೂ ಬೈಯುತ್ತಿದ್ದೆ ಅವನನ್ನು, ಅಂದು ಮಾತ್ರ ತನ್ನ ಸಾಮಾನಿನ ಬಗ್ಗೆ ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಬಲೆ, ಐಸು, ಡೀಸೆಲ್ ಪೀಪಾಯಿ, ತೂಕಕ್ಕೆಂದು ದೋಣಿಯ ಹೊಟ್ಟೆಯಲ್ಲಿ ತುಂಬಿದ್ದ ಕಲ್ಲುಗಳು, ಎಲ್ಲವೂ ಕೈಯಿಂದ ಕೈಗೆ ದಾಟಿ ಗೋಡೆಯ ಮೇಲೆ ಬಿದ್ದವು. ದೋಣಿಯ ಮೇಲೆ, ಗೋಡೆಯ ಬದಿಯ ಅಂಚಿನಲ್ಲಿ, ನೀರು ತುಂಬಿದ ಪೀಪಾಯಿಗಳ ಸಾಲೊಂದಿತ್ತು. ಅವನ್ನೂ ಉರುಳಿಸಿ ಅಂತ ನಾನು ಅರಚಿದೆ. ಒಬ್ಬ ಕೈ ಹಾಕಿಯೂಬಿಟ್ಟ.

“ಅದನ್ನ ಮುಟ್ಟಬೇಡಿ,” ಅಂದ ಗೊಣಗಜ್ಜ.

ಅವನು ಸೊಂಟದವರೆಗೆ ಪಂಚೆ ಎತ್ತಿ ಕಟ್ಟಿ ಕೆಳಗಿಳಿದು ಬಂದಿದ್ದ. ಪೀಪಾಯಿಗಳ ಭಾರಕ್ಕೇ ದೋಣಿ ಗೋಡೆಯ ಕಡೆ ಒರಗಿರುವುದು, ತೆಗೆದರೆ ಇತ್ತ ಕಡೆ ಹೊರಳಿ ಇವನ ಮೈಮೇಲೇ ಮಲಗುತ್ತದೆ ಅಂದ. ನನಗೂ ಗೊತ್ತಿದ್ದ ವಿಷಯ. ಎಷ್ಟೋ ಸಲ ನಾನೇ ನಿಂತು ಆ ಪೀಪಾಯಿ ಇಡಿಸಿದ್ದೇನೆ. ಆದರೂ ಆ ಗಳಿಗೆಯಲ್ಲಿ ಅದು ತಲೆಯಿಂದ ಒರೆಸಿದ ಹಾಗೆ ಹೋಗಿತ್ತು. ಅವನು ತಡೆಯದಿದ್ದರೆ ನನ್ನ ಗಂಡನನ್ನು ನಾನೇ ಕೊಂದಿರುತ್ತಿದ್ದೆ. ಅದಕ್ಕಾಗಿ ಅವನಿಗೆ ಕೈ ಮುಗಿಯಬೇಕಿತ್ತು. ಬದಲಿಗೆ ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ನಿನ್ನ ಕಣ್ಣು ಎಲ್ಲಿತ್ತು ಅಂತ ಕೇಳಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಗೊಣಗಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡ. ಅದನ್ನು ನೋಡಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಮೈದುನ ನೀರೆತ್ತುವ ಪಂಪಿನ ಕೊಳವೆಯಿಂದ ಮೊಳದುದ್ದ ಕತ್ತರಿಸಿ ತಂದ. ನೀರು ಮುಖ ಮುಚ್ಚಿದಾಗ ಒಂದು ತುದಿಯನ್ನು ಗಂಡ ಬಾಯಲ್ಲಿ ಕಚ್ಚಿಕೊಳ್ಳುವುದು, ಇನ್ನೊಂದು ತುದಿಯನ್ನು ನಾನು ನೀರಿನ ಮೇಲೆ ಹಿಡಿಯುವುದು ಅಂತಾಯಿತು. ನನ್ನ ಗಂಡನ ಕಂಕುಳ ಕೆಳಗೆ ಹಗ್ಗ ಸುತ್ತಿದರು. ಮೈದುನನೂ ಇನ್ನಿಬ್ಬರೂ ಸಮುದ್ರದ ಕಡೆ ನಿಂತು ಹಗ್ಗದ ತುದಿ ಹಿಡಿದರು. ಅವರು ಎಳೆಯಬೇಕಾದದ್ದು ಉಸಿರಿನ ಗಳಿಗೆಯಲ್ಲಿ. ಒಂದು ಸಲ ಎಳೆದರೆ ಕೊಳವೆ ಬಾಯಿಂದ ಜಾರುತ್ತದೆ. ಆಗ ಕಾಲು ಬರಲಿಲ್ಲ ಅಂದರೆ, ನೀರು ಕುಡಿದವನ ಬಾಯಿಗೆ ಮತ್ತೆ ಕೊಳವೆ ಸಿಕ್ಕಿಸುವುದು ಆಗದ ಮಾತು. ಅವಕಾಶ ಇದ್ದದ್ದು ಒಂದೇ.

ಹಾಗಾದರೆ ಉಸಿರು ಕೂಗುವವರು ಯಾರು ಅನ್ನುವುದು ಪ್ರಶ್ನೆ. ಎಲ್ಲರೂ ಗೊಣಗಜ್ಜನನ್ನು ನೋಡಿದರು. ಅವನು ನನ್ನನ್ನು ನೋಡಿದ.

“ನೀನೇ ಕೂಗಮ್ಮಾ,” ಅಂದ. “ಇದು ನಿನ್ನ ಗೋಡೆ. ನಾನು ಒಂದು ಸಲ ಕೆಡಿಸಿದ್ದೀನಿ. ನನ್ನ ಕೈಲಾಗಲ್ಲ.”

ನಾನು ಆಗಲಿ ಅನ್ನುವುದರಲ್ಲಿದ್ದೆ. ನೀರು ನನ್ನ ಗಂಡನ ಕುತ್ತಿಗೆ ಮುಟ್ಟಿತ್ತು. ಅವನು ಗಲ್ಲ ಎತ್ತಿ, ತಳದ ಹಲಗೆಗೆ ಹಣೆ ಒತ್ತಿಕೊಂಡು ಮಾತಾಡಿದ.

“ನೀನು ಬೇಡ ಕಣೇ. ಅಜ್ಜನೇ ಕೂಗಲಿ.”

“ನಾನು ಕೂಗಿದ್ದೇ ಸರಿಯಾಗಿತ್ತು. ನೀವೇ ಕೇಳಲಿಲ್ಲ. ಈಗಲೂ ಬೇಡ ಅಂತೀರಾ?”

“ಆಗ ನೀನು ದೂರ ಇದ್ದೆ. ಈಗ ನನ್ನ ಕೈ ಹಿಡ್ಕೊಂಡಿದ್ದೀಯ. ನೀನು ಬೇಗ ಕೂಗಿಬಿಡ್ತೀಯ, ನಂಗೊತ್ತು.” ಒಂದು ಅಲೆ ಬಂದು ಅವನ ಬಾಯಿಗೆ ಬಡಿಯಿತು. ಉಗುಳಿ, ಮತ್ತೆ ಅಂದ, “ಒಂದೇ ದನಿ ಇರಲಿ. ನೀನು ಬಾಯಿ ಬಿಡಬಾರದು. ನನ್ನಾಣೆ.”

ಅಷ್ಟು ಹೆದರಿಕೆಯ ನಡುವೆಯೂ ನನಗೆ ಅವಮಾನವಾಯಿತು. ಪ್ರಾಣಕ್ಕೆ ಬಂದಾಗ ಕಟ್ಟಿಕೊಂಡವಳನ್ನು ಬಿಟ್ಟು, ಆ ಗೊಣಗುವ ಮುದುಕನನ್ನು ನಂಬುತ್ತಾನಲ್ಲ ಅಂತ. ಆದರೆ ಆಣೆ ಹಾಕಿಬಿಟ್ಟಿದ್ದ. ನಾನು ಹೂಂ ಅಂದೆ. ಅವನು ಕೊಳವೆ ಕಚ್ಚಿದ. ನಾನು ಅವನ ಮೂಗನ್ನು ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿದೆ. ಕೈ ಸರಿಯಾಗಿ ಆಡಲಿಲ್ಲ, ಗಂಟು ಹಾಕುವುದಕ್ಕೆ ಮೈದುನ ಬಂದು ನೆರವಾಗಬೇಕಾಯಿತು. ನೋಡುತ್ತಿದ್ದ ಹಾಗೆಯೇ ನೀರು ಅವನ ತುಟಿ ಮುಚ್ಚಿತು, ಕಣ್ಣು ಮುಚ್ಚಿತು, ಹಣೆ ಮುಚ್ಚಿತು. ಆಮೇಲೆ ಕೂದಲು ಮಾತ್ರ ಆ ಕಡೆ ಈ ಕಡೆ ಆಡುತ್ತಿತ್ತು.

ಕೊಳವೆಯ ತುದಿಗೆ ಕಿವಿಯಿಟ್ಟರೆ ಅವನ ಉಸಿರು ಕೇಳುತ್ತಿತ್ತು. ಹಳೆಯ ಬಾಗಿಲು ತೆರೆದು ಮುಚ್ಚಿದ ಹಾಗೆ ಕಿರ್‍ರೆನ್ನುತ್ತಾ ಹೋಗಿ ಬರುತ್ತಿತ್ತು. ಅಲೆ ಬಂದಾಗಲೆಲ್ಲ ಹೆಬ್ಬೆರಳಿನಿಂದ ತುದಿ ಮುಚ್ಚುತ್ತಿದ್ದೆ, ಅಲೆ ದಾಟಿದ ಕೂಡಲೇ ಬಿಡುತ್ತಿದ್ದೆ. ಮುಚ್ಚುವುದು ಒಂದು ಚಣ ತಡವಾದರೆ ನೀರು ಒಳಗೆ, ಬಿಡುವುದು ತಡವಾದರೆ ಗಾಳಿಯಿಲ್ಲ. ಎಡಗೈಯಲ್ಲಿ ಕೊಳವೆ. ಬಲಗೈಯನ್ನು ನೀರಿನೊಳಗೆ ಅವನು ಹಿಡಿದಿದ್ದ. ಸರಿಯಿದ್ದೇನೆ ಅನ್ನುವುದಕ್ಕೆ ಆಗಾಗ ಒಂದು ಸಲ ಒತ್ತುತ್ತಿದ್ದ. ಹಾಗೆಯೇ ನಮ್ಮಿಬ್ಬರ ಹೆಣೆದ ಕೈಗಳ ಹಿಂಭಾಗ ದೋಣಿಯ ತಳಕ್ಕೆ ತಾಗಿ ನಿಂತಿತ್ತು. ದೋಣಿ ಅಲುಗಿದರೆ ನನಗೇ ಮೊದಲು ಗೊತ್ತಾಗಬೇಕು, ಆ ಹಾಗೆ.

ಗೊಣಗಜ್ಜ ನನ್ನ ಪಕ್ಕದಲ್ಲೇ, ಹೊಟ್ಟೆಮಟ್ಟದ ನೀರಿನಲ್ಲಿ, ದೋಣಿಯ ಮೈಗೆ ಅಂಗೈ ಇಟ್ಟು ನಿಂತಿದ್ದ. ಅಲೆ ಎತ್ತಿದ್ದಕ್ಕೆ ಯಾರೂ ಎಳೆಯಬೇಡಿ, ಅಲೆ ಎತ್ತಿದ್ದು ಮತ್ತೆ ಕೂರುತ್ತೆ, ನೀರು ಎತ್ತಿದ್ದು ಮಾತ್ರ ಉಸಿರು ಅಂತ ಹಗ್ಗ ಹಿಡಿದವರಿಗೆ ಒಂದು ಸಲ ಹೇಳಿದ.

ದೋಣಿ ಅಲುಗಿತು. ನನ್ನ ಕೈಗೆ ಸ್ಪಷ್ಟವಾಗಿ ತಿಳಿಯಿತು. ಗೊಣಗಜ್ಜನ ಮುಖ ನೋಡಿದೆ. ಅವನು ಸುಮ್ಮನಿದ್ದ.

ಮತ್ತೆ ಅಲುಗಿತು, ಈ ಸಲ ಇನ್ನೂ ಜೋರಾಗಿ. ಅವನು ಸುಮ್ಮನಿದ್ದ. ನೋಡಿದರೆ ಕೈಯನ್ನೇ ದೋಣಿಯಿಂದ ತೆಗೆದುಬಿಟ್ಟಿದ್ದ! ತಲೆ ಮೇಲೆತ್ತಿ ಎಲ್ಲೋ ಗೋಡೆಯ ಕಡೆ ನೋಡುತ್ತಾ ನಿಂತಿದ್ದ. ನನ್ನ ಗಂಡನ ಜೀವ ನೀರಿನ ಕೆಳಗಿರುವಾಗ ಈ ಮುದುಕನಿಗೆ ಆಕಾಶ ನೋಡುವ ಪುರುಸೊತ್ತು. ಇವನಿಗೆ ತಲೆ ಕೆಟ್ಟಿದೆ, ಹೆದರಿ ಬಾಯಿ ಕಟ್ಟಿಹೋಗಿದೆ ಅನ್ನಿಸಿತು. ಆಣೆ ನೆನಪಿತ್ತು. ಆಣೆ ಹಾಕಿದವನೇ ಹೋದ ಮೇಲೆ ಆಣೆ ಕಟ್ಟಿಕೊಂಡು ಏನು ಮಾಡಲಿ ಅನ್ನಿಸಿತು.

ಕೊಳವೆಯ ಸದ್ದು ಬದಲಾಯಿತು. ಕಿರ್‍ರೆನ್ನುತ್ತಿದ್ದದ್ದು ಗೊಳಗೊಳ ಅನ್ನತೊಡಗಿತು. ಯಾವುದೋ ಅಲೆಯಲ್ಲಿ ನನ್ನ ಹೆಬ್ಬೆರಳು ತಡವಾಗಿತ್ತು. ಅವನು ನನ್ನ ಕೈಯನ್ನು ಬಿಗಿಯಾಗಿ ಒತ್ತಿದ, ಮತ್ತೆ ಒತ್ತಿದ, ಗಡಿಬಿಡಿಯಲ್ಲಿ ಮೇಲಿಂದ ಮೇಲೆ ಒತ್ತಿದ. ಆಮೇಲೆ ಬೆರಳುಗಳು ಸಡಿಲವಾದವು. ಅದೇ ಹೊತ್ತಿಗೆ ದೋಣಿ ಮೂರನೇ ಸಲ ಅಲುಗಿತು.

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಗೊಣಗಜ್ಜನ ಅಂಗೈ ನನ್ನ ಬಾಯಿಗೆ ಅಡ್ಡ ಬಿತ್ತು. ಡಾಂಬರು ವಾಸನೆಯ, ಒರಟು ಅಂಗೈ. ನಾನು ಕಚ್ಚಿದೆ. ರಕ್ತದ ರುಚಿ ನಾಲಿಗೆಗೆ ಬರುವಷ್ಟು ಕಚ್ಚಿದೆ. ಅವನು ಕೈ ತೆಗೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಮೇಲೆಯೇ ನೋಡುತ್ತಿದ್ದ. ಅದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ನನ್ನ ಗಂಡ ಅಷ್ಟರಲ್ಲಿ ಸತ್ತಿದ್ದ. ನಾನು ಮನೆಗೆ ಹೋಗಿ, ಮೊಳೆಗೆ ನೇತುಹಾಕಿದ ಅವನ ಅಂಗಿಯನ್ನು ನೋಡಿಯೂ ಆಗಿತ್ತು.

“ಉಸಿರು!” ಅಂತ ಅವನು ಕೂಗಿದ.

“ಉಸಿರು!” ಅಂತ ಹಗ್ಗ ಹಿಡಿದವರು ತಿರುಗಿ ಕೂಗಿ ಎಳೆದರು. ನನ್ನ ಕೈಯಿಂದ ಅವನ ಕೈ ಜಾರಿಹೋಯಿತು. ದೋಣಿಯ ಕೆಳಗಿನಿಂದ ಮರಳು ಕಲಕಿದ ನೀರು ಬುಗ್ಗೆಯೆದ್ದಿತು. ಅದರೊಳಗಿಂದ ಮೊದಲು ಭುಜ, ಆಮೇಲೆ ತಲೆ, ಕೊನೆಗೆ ಆ ಕಾಲೂ ಹೊರಗೆ ಬಂತು.

ಮರಳದಿಣ್ಣೆಯ ಮೇಲೆ ಎತ್ತಿಕೊಂಡು ಹೋಗಿ ಬೋರಲು ಮಲಗಿಸಿ ಬೆನ್ನು ಒತ್ತಿದರು. ಅವನು ಉಸಿರಾಡುತ್ತಿರಲಿಲ್ಲ. ಮೈದುನ ಒತ್ತುತ್ತಲೇ ಅಳುತ್ತಿದ್ದ, ಅಳುತ್ತಲೇ ಅಣ್ಣನನ್ನು ಬೈಯುತ್ತಿದ್ದ. ನಾನು ಅಳಲಿಲ್ಲ, ಕೈಯಲ್ಲಿ ಕೊಳವೆಯ ತುಂಡನ್ನು ಹಾಗೇ ಮೇಲಕ್ಕೆ ಹಿಡಿದು ನಿಂತಿದ್ದೆ. ಕೊನೆಗೊಮ್ಮೆ ಅವನ ಹೊಟ್ಟೆ ಹಿಂಡಿಕೊಂಡಿತು. ಬೊಗಸೆಬೊಗಸೆ ನೀರು ಕಾರಿದ. ಕೆಮ್ಮಿದ. ಆಮೇಲೆ ಆ ಕೆಮ್ಮು ನಿಲ್ಲಲೇ ಇಲ್ಲ, ನಿಲ್ಲದಿರಲಿ ಅಂತ ನಾನೂ ಬೇಡಿಕೊಂಡೆ.

ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ತರಲು ಮೈದುನ ಓಡಿದ. ಜನ ನನ್ನ ಗಂಡನಿಗೆ ಕಂಬಳಿ ಹೊದಿಸುತ್ತಿತ್ತು. ಗೊಣಗಜ್ಜ ದೂರದಲ್ಲಿ ನನ್ನ ಗೋಡೆಯ ಮೆಟ್ಟಿಲ ಮೇಲೆ ಕೂತು, ಕಚ್ಚಿದ ಅಂಗೈಗೆ ಪಂಚೆಯ ಚುಂಗು ಸುತ್ತಿಕೊಳ್ಳುತ್ತಿದ್ದ. ನಾನು ಅವನ ಹತ್ತಿರ ಹೋದೆ. ಉಪಕಾರ ಹೇಳಲು ಹೋದದ್ದಲ್ಲ. ಜಗಳಕ್ಕೇ ಹೋದದ್ದು.

“ಯಾಕೆ ಅಷ್ಟು ಹೊತ್ತು ಸುಮ್ಮನಿದ್ರಿ? ಮೂರು ಸಲ ಅಲುಗಿತು. ನನ್ನ ಕೈಗೆ ಗೊತ್ತಾಗಿತ್ತು.”

“ಅಲುಗಲಿಲ್ಲಮ್ಮಾ.”

“ನಿಮ್ಮ ಕೈಗೆ ಗೊತ್ತಾಗಲಿಲ್ವಾ?”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ಕೆಂಪಾಗಿತ್ತು.

“ನನ್ನ ಕೈಗೆ ಹತ್ತು ಸಲ ಗೊತ್ತಾಯ್ತು,” ಅಂದ. “ಅದಕ್ಕೇ ಕೈ ತೆಗೆದೆ. ದೋಣಿ ಎದ್ರೆ ಅದನ್ನ ಗೋಡೆಗೆ ಕಟ್ಟಿದ ಹಗ್ಗ ಸಡಿಲ ಆಗುತ್ತೆ, ಅದನ್ನೇ ನೋಡ್ತಾ ನಿಂತೆ.”

ನನಗೆ ನಂಬಿಕೆಯಾಗಲಿಲ್ಲ. ಇವನು ತನ್ನ ತಪ್ಪಿಗೆ ತೇಪೆ ಹಾಕುತ್ತಿದ್ದಾನೆ ಅಂದುಕೊಂಡೆ. ಅಲುಗಿದ್ದು ನಿಜ, ಅಲುಗದೆ ನನ್ನ ಕೈಗೆ ಹೇಗೆ ತಿಳಿಯುತ್ತದೆ? ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಬೇಕೆಂದು ಅವನ ಕಡೆ ಬಾಗಿ ಗೋಡೆಗೆ ಅಂಗೈ ಊರಿದೆ.

ಗೋಡೆ ಅಲುಗುತ್ತಿತ್ತು. ಆನೆಯಷ್ಟು ದಪ್ಪದ ಕಲ್ಲುಗಳ, ನಮ್ಮ ಅಜ್ಜಂದಿರಿಗಿಂತ ಹಿಂದಿನ ಗೋಡೆ ನನ್ನ ಅಂಗೈಯ ಕೆಳಗೆ ತೇಲುವ ದೋಣಿಯ ಹಾಗೆ ಅಲುಗುತ್ತಿತ್ತು. ಕೈ ತೆಗೆದು ಮತ್ತೆ ಇಟ್ಟೆ. ಮತ್ತೂ ಅಲುಗಿತು. ಅಲುಗುತ್ತಿದ್ದದ್ದು ಗೋಡೆಯಲ್ಲ. ಅವನು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟ, ನಾನು ಕೂತೆ.